ಉಜ್ಜಿದವರ ಹೆಸರುಗಳು

ಟಬಾಕಾ, ಮೇಲಿನ ಗಣಿ
14 ಫೆಬ್ರವರಿ 2022

ಕೆಮುಂಟೊಗೆ,

ನಿನ್ನ ಚಿಕ್ಕಪ್ಪ ಒಂಬಾಸಾ ಬರೆಯುವುದು. ನಾನು ಚೆನ್ನಾಗಿದ್ದೇನೆ, ನನ್ನನ್ನು ನೋಡಿದವರೂ ಹಾಗೆಯೇ ಹೇಳುತ್ತಾರೆ. ಫೋನಿನಲ್ಲೇ ಬರೆಯಿರಿ ಎಂದು ನೀನು ಕ್ರಿಸ್‌ಮಸ್‌ಗೆ ಬಂದಾಗ ಹೇಳಿದೆ. ನಲವತ್ತು ವರ್ಷ ಬಳಪದ ಕಲ್ಲು ಕೆತ್ತಿದ ಹೆಬ್ಬೆರಳು ಇದು, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಅದಕ್ಕೇ ಕಾಗದ. ನಕುರುವಿಗೆ ಹೋಗುವ ಮಟಾಟು ವ್ಯಾನಿನ ಚಾಲಕನ ಕೈಗೆ ಕೊಟ್ಟಿದ್ದೇನೆ. ನೀನೂ ಹಾಗೆಯೇ ಕಳಿಸು. ಏಳನೇ ತರಗತಿಯವರೆಗೆ ಓದಿದವನ ಬರವಣಿಗೆ ಎಂದು ನಗಬೇಡ. ನಮ್ಮ ಕಾಲದ ಏಳು ಈಗಿನ ಹದಿನೇಳಕ್ಕೆ ಸಮ.

ವಿಷಯ ಏನೆಂದರೆ, ನಿನ್ನಿಂದ ನನಗೆ ಚಹಾದಂಗಡಿಯಲ್ಲಿ ಕೂರಲು ಆಗುತ್ತಿಲ್ಲ. ಮೊನ್ನೆ ನಮ್ಮ ಕಲ್ಲು ಕೆತ್ತುವವರ ಸಂಘದ ಅಧ್ಯಕ್ಷ ಅರಾಸಾ ಎಲ್ಲರೆದುರಿಗೆ ಕೇಳಿದ.

"ನಿಮ್ಮಣ್ಣನ ಮಗಳು ನಕುರುನಲ್ಲಿ ಏನ್ ಮಾಡ್ತಾಳಯ್ಯಾ?"

"ಬರೀತಾಳೆ."

"ಯಾವ ಆಫೀಸಲ್ಲಿ?"

"ಮನೇಲೇ."

"ಮನೇಲಿ ಕೂತು ಬರೆಯೋರನ್ನ ನಾನೂ ನೋಡಿದೀನಿ ಬಿಡು. ಪರೀಕ್ಷೇಲಿ ಫೇಲಾದೋರು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಸುಮ್ಮನಿರುವವನೇ? ನೀನು ದೊಡ್ಡ ಪತ್ರಿಕೆಯಲ್ಲಿದ್ದೀಯ, ನೀನು ಒಳಗೆ ಬಂದರೆ ಮಂತ್ರಿಗಳು ಎದ್ದು ನಿಲ್ಲುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ. ಯಾರಾದರೂ ಕೇಳಿದರೆ ಹೌದು ಎನ್ನು.

ಆದರೂ ನಿಜ ಹೇಳು, ನೀನು ಮಾಡುವುದು ಏನು? ಸಂಘದ ಗುಮಾಸ್ತ ಜೂನ್ ಕೊನೆಗೆ ಬಿಡುತ್ತಾನೆ. ಆ ಕುರ್ಚಿ ನಿನಗೇ ಎಂದು ಅರಾಸಾ ಹೇಳಿದ್ದಾನೆ. ಅದು ನನ್ನ ಮುಖ ನೋಡಿ ಹೇಳಿದ್ದು. ಈ ಒಂಬಾಸಾ ಕೆತ್ತಿದ್ದು ಹದಿನಾಲ್ಕು ದೇಶಕ್ಕೆ ಹೋಗಿದೆ. ಕಿಸುಮುವಿನ ಸರೋವರದ ದಂಡೆಯ ಹೋಟೆಲ್ ಬಾಗಿಲಲ್ಲಿ ನಿಂತಿರುವ 'ಹಾಲೂಡುವ ತಾಯಿ'ಯನ್ನು ನೋಡದೆ ಯಾವ ಪ್ರವಾಸಿಯೂ ಒಳಗೆ ಹೋಗಲಾರ. ಅಂಥವನ ಮನೆಯವಳಿಗೆ ಕುರ್ಚಿ ಇಲ್ಲ ಎನ್ನಲು ಯಾರಿಗೆ ಧೈರ್ಯ?

ಜೂನ್ ತನಕ ಗಡುವು. ಯೋಚಿಸು.

ನಿನ್ನ ಚಿಕ್ಕಪ್ಪ
ಒಂಬಾಸಾ

*

ನಕುರು
3 ಮಾರ್ಚ್ 2022

ಚಿಕ್ಕಪ್ಪಾ,

ಮಂತ್ರಿಗಳು ಇನ್ನೂ ಎದ್ದು ನಿಂತಿಲ್ಲ. ನಾನು ಎದ್ದರೆ ತಲೆಗೆ ತಗಡಿನ ಮಾಡು ತಾಗುತ್ತದೆ, ಅಷ್ಟು ದೊಡ್ಡ ಆಫೀಸು ನನ್ನದು. ಮಂಚದ ಮೇಲೆ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್.

ನೀವು ನಿಜ ಕೇಳಿದ್ದೀರಿ, ಹೇಳುತ್ತೇನೆ. ಎಲ್ಲೋ ದೂರದ ದೇಶದವರು ವಿಷಯ ಕೊಡುತ್ತಾರೆ, ನಾನು ಬರೆದು ಕಳಿಸುತ್ತೇನೆ, ಅವರು ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಹೋದ ವಾರ ಬರೆದದ್ದು ಛಾವಣಿಯ ಮೇಲೆ ಬಿದ್ದ ಹಿಮವನ್ನು ತೆಗೆಯುವುದು ಹೇಗೆ ಎಂದು. ಅದಕ್ಕೆ ಮೊದಲು ನಾಯಿಯ ಹಲ್ಲು ಉಜ್ಜುವ ಬಗ್ಗೆ. ಹಿಮದ ಬರಹ ಓದಿದವನು ನನಗೆ ಬರೆದ: 'ನೀವು ಬಹಳ ಚಳಿಗಾಲಗಳನ್ನು ಕಂಡವರು ಎಂದು ಗೊತ್ತಾಗುತ್ತದೆ.' ನಾನು ಇಪ್ಪತ್ತೇಳು ವರ್ಷದಲ್ಲಿ ಕಂಡ ಮಂಜುಗಡ್ಡೆಯೆಲ್ಲ ಸೋಡಾ ಅಂಗಡಿಯದ್ದು.

ನನ್ನದೇ ಒಂದು ಬ್ಲಾಗ್ ಕೂಡ ಇದೆ. ಬ್ಲಾಗ್ ಎಂದರೆ ಗೋಡೆಗೆ ಅಂಟಿಸಿದ ಪತ್ರಿಕೆ ಅಂದುಕೊಳ್ಳಿ. ಬರೆಯುವವಳು ನಾನೇ, ಹಂಚುವವಳೂ ನಾನೇ. ಅದರಲ್ಲಿ ಚರ್ಮದ ಆರೈಕೆ ಬರೆದೆ, ಕೆಲಸದ ಅರ್ಜಿ ಹಾಕುವುದು ಬರೆದೆ, ಬಾಳೆಕಾಯಿ ಅಡುಗೆ ಬರೆದೆ. ಮೂವತ್ತೊಂದು ಬರಹ, ನಾಲ್ಕು ಓದುಗರು, ಅವರಲ್ಲಿ ಒಬ್ಬಳು ನಾನು. ಬರೆಯಲು ಬರುತ್ತದೆ, ಯಾವ ಕಡೆಗೆ ಬರೆಯಬೇಕು ಅನ್ನುವುದು ತಿಳಿಯುತ್ತಿಲ್ಲ. ಅಮ್ಮನಿಗೆ ಇದನ್ನೆಲ್ಲ ಹೇಳಬೇಡಿ.

ಗುಮಾಸ್ತೆಯ ಕುರ್ಚಿಯಲ್ಲಿ ಅರಾಸಾ ಅವರೇ ಕೂರಲಿ. ನಾನು ಬರುವುದಿಲ್ಲ. ಇದು ಯೋಚಿಸದೆ ಹೇಳಿದ್ದಲ್ಲ. ನಿಮ್ಮ ಕಾಗದ ಓದಿ ಮುಗಿಸುವ ಮುಂಚೆಯೇ ಯೋಚಿಸಿ ಆಗಿತ್ತು.

ಕೆಮುಂಟೊ

*

ಟಬಾಕಾ
20 ಮಾರ್ಚ್ 2022

ಕೆಮುಂಟೊಗೆ,

ನಿನ್ನ ಕಾಗದ ಓದಿ ಸಂಕಟವಾಯಿತು. ನಾಲ್ಕು ಜನ! ನಾನು ಗಣಿಯಲ್ಲಿ ಕೆಮ್ಮಿದರೆ ಅದಕ್ಕಿಂತ ಹೆಚ್ಚು ಜನ ತಿರುಗಿ ನೋಡುತ್ತಾರೆ. ನಾಚಿಕೆಯಿಂದ ಕುರ್ಚಿ ಬೇಡ ಎನ್ನುತ್ತಿದ್ದೀಯ, ನನಗೆ ಅರ್ಥವಾಗುತ್ತದೆ. ನಾಚಬೇಡ. ನೋಡದೆ ಇರುವುದನ್ನು ಮಾಡುವುದರಲ್ಲಿ ತಪ್ಪೇನಿದೆ? ನಾನು ಪೆಂಗ್ವಿನ್ ಕೆತ್ತಿದವನು.

ಆ ಕಥೆ ನಿನಗೆ ಗೊತ್ತಿಲ್ಲ. ನೀನು ಹುಟ್ಟುವ ಮುಂಚಿನದು. ಡೆನ್ಮಾರ್ಕಿನ ಒಬ್ಬ ವ್ಯಾಪಾರಿ ಬಂದ. ಚಿತ್ರ ತಂದಿರಲಿಲ್ಲ, ಬರೀ ಬಾಯಲ್ಲಿ ಹೇಳಿದ: ಹಕ್ಕಿ, ಆದರೆ ಹಾರುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ, ಕಪ್ಪು ಬೆನ್ನು, ಬಿಳಿ ಎದೆ, ಓಲಾಡುತ್ತ ನಡೆಯುತ್ತದೆ. ಉಳಿದ ಕೆತ್ತುವವರೆಲ್ಲ ತಲೆ ಕೆರೆದುಕೊಂಡರು. ನಾನು ಕೇಳಿದ ಕೂಡಲೇ ಗುರುತು ಹಿಡಿದೆ. ಅದು ನಮ್ಮ ಚರ್ಚಿನ ಹಿರಿಯ ಓಬಿರಿ! ಕಪ್ಪು ಕೋಟು, ಬಿಳಿ ಅಂಗಿ, ಮುಂದಕ್ಕೆ ಬಂದ ಹೊಟ್ಟೆ, ಪಕ್ಕಕ್ಕೆ ಇಳಿಬಿಟ್ಟ ಕೈ. ಓಬಿರಿಯನ್ನೇ ನೆನೆಸಿಕೊಂಡು ಕೆತ್ತಿದೆ, ಕೊಕ್ಕೊಂದು ಇಟ್ಟೆ. ಮೊಣಕಾಲೂ ಇಟ್ಟೆ. ವ್ಯಾಪಾರಿ ನೋಡಿ ಐದು ನಿಮಿಷ ನಕ್ಕ. ಇನ್ನೂರು ಬೇಕು ಎಂದ. ಆಮೇಲೆ ವರ್ಷಗಟ್ಟಲೆ ಭಾನುವಾರ ಓಬಿರಿ ಬೋಧನೆಗೆ ಎದ್ದು ನಿಂತರೆ ಕೆತ್ತುವವರ ಬೆಂಚಿನಲ್ಲಿ ಯಾರಿಗೂ ನಗು ತಡೆಯಲಾಗುತ್ತಿರಲಿಲ್ಲ. ಆತ ಮಾತ್ರ ತನ್ನ ಮಾತಿಗೆ ಜನ ಸಂತೋಷಪಡುತ್ತಿದ್ದಾರೆ ಎಂದುಕೊಂಡ.

ಅದಕ್ಕೇ ಹೇಳುತ್ತೇನೆ, ನಿನಗೆ ದಾರಿ ಬೇಕಾದರೆ ನನ್ನ ಬಗ್ಗೆ ಬರೆ. ವಿಷಯ ಮುಗಿಯುವುದೇ ಇಲ್ಲ. ಜೊತೆಗೆ ಹತ್ತು ಹಾಳೆ ಇಟ್ಟಿದ್ದೇನೆ. ಅದರಲ್ಲಿ ನನ್ನ ಬಾಲ್ಯ, ಧೈರ್ಯ, ನಾನು ಹಾವು ಹಿಡಿದದ್ದು, ಹಾಲೂಡುವ ತಾಯಿಯನ್ನು ಹನ್ನೊಂದು ದಿನದಲ್ಲಿ ಕೆತ್ತಿ ಮುಗಿಸಿದ್ದು ಎಲ್ಲ ಇದೆ.

ಹೆಸರಿನ ಚಿಂತೆ ಬಿಡು. ನಮ್ಮ ಕಲ್ಲಿಗೂ ಹೆಸರಿಲ್ಲ. ತಳಕ್ಕೆ ಸಂಘದ ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಹಾಗಂತ ನಾನು ಸತ್ತೆನೇ? ಬಾಯಿ ಇದ್ದರೆ ಸಾಕು.

ಒಂಬಾಸಾ

*

ನಕುರು
11 ಏಪ್ರಿಲ್ 2022

ಚಿಕ್ಕಪ್ಪಾ,

ನಿಮ್ಮ ಪೆಂಗ್ವಿನ್ ನಡೆದುಬಿಟ್ಟಿತು! ಹತ್ತು ಹಾಳೆಯನ್ನೆಲ್ಲ ಬದಿಗಿಟ್ಟು (ಹಾವು ನಿಮ್ಮನ್ನು ಅಷ್ಟು ದೂರ ಎಳೆದುಕೊಂಡು ಹೋಗಿದ್ದರೆ ಉಗಾಂಡ ಗಡಿ ದಾಟುತ್ತಿದ್ದಿರಿ) ಪೆಂಗ್ವಿನ್ ಕಥೆಯನ್ನಷ್ಟೇ ನನ್ನ ಬ್ಲಾಗಿನಲ್ಲಿ ಹಾಕಿದೆ. ಹಿರಿಯ ಓಬಿರಿಯ ಹೆಸರು ಬದಲಾಯಿಸಿದ್ದೇನೆ, ಹೆದರಬೇಡಿ. ಆರು ನೂರು ಜನ ಓದಿದರು. ಒಂದು ವಾರದಲ್ಲಿ! ಒಬ್ಬಾಕೆ, ತನ್ನ ಅಜ್ಜಿಯ ಕಪಾಟಿನಲ್ಲಿ ಮೊಣಕಾಲಿರುವ ಪೆಂಗ್ವಿನ್ ಒಂದಿದೆ, ಅದೇಕೆ ಹಾಗೆ ಎಂದು ಇಷ್ಟು ವರ್ಷ ಮನೆಯವರಿಗೆಲ್ಲ ಒಗಟಾಗಿತ್ತು ಎಂದು ಬರೆದಳು.

ಚಿಕ್ಕಪ್ಪಾ, ನನಗೆ ದಾರಿ ಕಾಣುತ್ತಿದೆ. ಹೆಸರಿಲ್ಲದ ಕೈಗಳ ಬಗ್ಗೆ ಬರೆಯಬೇಕು. ಯಾವುದೋ ಮನೆಯ ಕಪಾಟಿನಲ್ಲಿ ಕೂತಿರುವುದನ್ನು ಮಾಡಿದವರು ಯಾರು, ಅವರು ಆವತ್ತು ಏನು ಉಂಡಿದ್ದರು, ಯಾರ ಜೊತೆ ಜಗಳವಾಡಿದ್ದರು, ಅದು. ನಾನೂ ಹೆಸರಿಲ್ಲದೆ ಹಿಮ ಬರೆದವಳು. ಇದನ್ನು ನನಗಿಂತ ಚೆನ್ನಾಗಿ ಯಾರು ಬರೆದಾರು?

ಓದಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಕಲ್ಲು ಇಷ್ಟು ನುಣುಪಾಗುವುದು ಹೇಗೆ? ಅಮ್ಮನಿಗೆ ಫೋನ್ ಮಾಡಿದೆ. ಮೂವತ್ತು ವರ್ಷ ನಿಮ್ಮ ಅಂಗಳದಲ್ಲಿ ಕಲ್ಲು ಉಜ್ಜಿದವಳು, "ನಿಮ್ ಚಿಕ್ಕಪ್ಪನ್ನೇ ಕೇಳು, ಅವನಿಗೆ ಎಲ್ಲಾ ಗೊತ್ತು" ಅಂದಳು. ಧ್ವನಿಯಲ್ಲಿ ನಗು ಇತ್ತೋ ಕೋಪ ಇತ್ತೋ ತಿಳಿಯಲಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಉಜ್ಜುವುದು ಹೇಗೆ, ಯಾರು ಯಾರು ಉಜ್ಜುತ್ತಾರೆ ಎಲ್ಲ ಬರೆಯಿರಿ. ಹಾಲೂಡುವ ತಾಯಿಯ ಬಗ್ಗೆಯೂ ವಿವರವಾಗಿ ಬೇಕು. ಯಾವ ವರ್ಷ, ಯಾವ ತಿಂಗಳು?

ಕೆಮುಂಟೊ

*

ಟಬಾಕಾ
2 ಮೇ 2022

ಕೆಮುಂಟೊಗೆ,

ಆರು ನೂರು ಓದಿದ್ದು ಸಂತೋಷ. ಚಹಾದಂಗಡಿಯಲ್ಲಿ ಆರು ಸಾವಿರ ಎಂದಿದ್ದೇನೆ.

ಹಾಲೂಡುವ ತಾಯಿ ಕೆತ್ತಿದ್ದು 2006ರ ಜುಲೈನಲ್ಲಿ. ಅದರಲ್ಲಿ ವಿವರಿಸುವುದಕ್ಕೆ ಏನೂ ಇಲ್ಲ. ಕಲ್ಲು ಇತ್ತು, ಕೆತ್ತಿದೆ.

ಉಜ್ಜುವುದು ಹೆಂಗಸರ ಕೆಲಸ. ಬಾನಿಯಲ್ಲಿ ನೀರು, ಕೈಯಲ್ಲಿ ಉಪ್ಪುಕಾಗದ, ಮೊದಲು ಒರಟು, ಆಮೇಲೆ ನಯ. ಅದರಲ್ಲಿ ಬರೆಯುವಂಥದ್ದು ಏನಿದೆ? ನೀನು ಆನೆ, ನೀರಾನೆ, ಚದುರಂಗದ ಕಾಯಿಗಳ ಬಗ್ಗೆ ಬರೆ. ಓಬಿರಿಯ ಬಗ್ಗೆ ಇನ್ನೂ ಎರಡು ಕಥೆ ಇವೆ, ಬೇಕಾದರೆ ಕಳಿಸುತ್ತೇನೆ.

ಮಳೆ ಜೋರಾಗಿದೆ. ಗಣಿಯಲ್ಲಿ ನೀರು ನಿಂತಿದೆ. ಕೈ ಬಿಡುವಿಲ್ಲ.

ಒಂಬಾಸಾ

*

ನಕುರು
19 ಮೇ 2022

ಚಿಕ್ಕಪ್ಪಾ,

ನೀರು ನಿಂತ ಗಣಿಯಲ್ಲಿ ಕೈಗೆ ಬಿಡುವಿಲ್ಲ ಎಂದರೆ ನಾನು ನಂಬಬೇಕೇ? ನೀವು ಜೀವನದಲ್ಲಿ ಬರೆದ ಅತಿ ಚಿಕ್ಕ ಕಾಗದ ಅದು. ಮೂರು ಸಲ ಓದಿದೆ.

2006ರ ಜುಲೈನಲ್ಲಿ ನಾನು ಆರನೇ ತರಗತಿಯಲ್ಲಿದ್ದೆ. ನೀವು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡಿರಿ. ಮೊಣಕೈ ತನಕ ಪ್ಲಾಸ್ಟರು. ಅದರ ಮೇಲೆ ನಾನು ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದೆ. ನೀವು ಬೈಯಲಿಲ್ಲ, 'ಇನ್ನೂ ದೊಡ್ಡದಾಗಿ ಬರಿ, ದೂರದಿಂದ ಕಾಣಲಿ' ಅಂದಿರಿ. ಶಾಲೆಯ ರಜೆ ಆಗಸ್ಟ್‌ನಲ್ಲಿ ಶುರುವಾದಾಗಲೂ ಅದು ನಿಮ್ಮ ಕೈಯಲ್ಲೇ ಇತ್ತು.

ಹಾಗಾದರೆ ಆ ತಾಯಿಯನ್ನು ಕೆತ್ತಿದವರು ಯಾರು?

ಅಮ್ಮನನ್ನೂ ಕೇಳಿದೆ. ನಕ್ಕು ಫೋನ್ ಇಟ್ಟುಬಿಟ್ಟಳು. ಅಂದರೆ ನನಗೆ ಉತ್ತರ ಸಿಕ್ಕಿತು. ಅಡುಗೆಮನೆಯ ಹಿಂದೆ ಬಾಳೆ ಗಿಡಗಳ ನಡುವೆ ಅಮ್ಮ ಹನ್ನೊಂದು ದಿನ ಏನು ಮಾಡುತ್ತಿದ್ದಳು, ಆ ಕಡೆ ಹೋದರೆ ನನಗೆ ಏಕೆ ಗದರುತ್ತಿದ್ದಿರಿ ಎಂಬುದು ಈಗ ಹೊಳೆಯುತ್ತಿದೆ.

ಹದಿನಾರು ವರ್ಷ, ಚಿಕ್ಕಪ್ಪಾ! ನನ್ನ ಬರಹಕ್ಕೆ ಹೆಸರು ಹಾಕಿಕೊಳ್ಳುವವರು ನನ್ನ ಮುಖ ಕಂಡವರಲ್ಲ. ನೀವು ದಿನಾ ಅವಳ ಕೈಯ ಮುದ್ದೆ ಉಂಡವರು.

ನಾನು ಬರೆಯುತ್ತೇನೆ. ನಿಮಗೆ ಏನಾದರೂ ಹೇಳುವುದಿದ್ದರೆ ಹೇಳಿ. ಕಾಯುತ್ತೇನೆ, ಆದರೆ ಸಂಘದ ಕುರ್ಚಿಯಷ್ಟು ದಿನ ಅಲ್ಲ.

ಕೆಮುಂಟೊ

*

ನಕುರು
30 ಜೂನ್ 2022

ಚಿಕ್ಕಪ್ಪಾ,

ನೀವು ಬರೆಯಲಿಲ್ಲ. ಆರು ವಾರ ಮಟಾಟು ನಿಲ್ದಾಣದ ಪಾರ್ಸೆಲ್ ಕಿಟಕಿಗೆ ಹೋಗಿ ಹೋಗಿ, ಈಗ ಅಲ್ಲಿರುವಾಕೆ ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸುತ್ತಾಳೆ.

ಹಾಲೂಡುವ ತಾಯಿಯ ಕಥೆ ನಾನು ಹಾಕಿಲ್ಲ. ಅಮ್ಮ ಬೇಡ ಎಂದಳು. "ಅದು ನಂದು. ಹೇಳೋದಿದ್ರೆ ನಾನೇ ಹೇಳ್ತೀನಿ, ನೀನ್ಯಾರು?" ಅಂದಳು. ಸರಿ ಎಂದೆ. ಅದರ ಬದಲು ನಿಮ್ಮ ಅಂಗಳದಲ್ಲಿ ಉಜ್ಜುವ ಐದು ಹೆಂಗಸರ ಬಗ್ಗೆ ಬರೆದೆ, ಹೆಸರು ಹಾಕಿ. ಅಮ್ಮ ಬೊಸಿಬೊರಿ, ಕ್ವಾಂಬೊಕಾ, ಎಲ್ಲರದೂ. ಗುರುತಿನ ಚೀಟಿಗೆ ಬೆರಳಚ್ಚು ಕೊಡಲು ಹೋದಾಗ ಅಮ್ಮನ ಬೆರಳಿನಿಂದ ಬರೀ ಮಸಿಯ ಮಚ್ಚೆ ಬಿತ್ತಲ್ಲ, ಗೆರೆಯೇ ಇಲ್ಲದೆ? ಕಲ್ಲು ನುಣುಪಾಗುವುದು ಹಾಗೆ, ಉಜ್ಜುವವರ ಬೆರಳಿನ ಗೆರೆಗಳೂ ಕಲ್ಲಿನ ಪುಡಿಯ ಜೊತೆ ಬಾನಿಯ ನೀರಿಗೆ ಹೋಗುತ್ತವೆ. ಅದನ್ನೇ ಬರೆದೆ. ನಾನು ಬರೆದದ್ದರಲ್ಲಿ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ ಎಂದು ನನಗೆ ಗೊತ್ತು. ಒಂಬತ್ತು ಸಾವಿರ ಜನ ಓದಿದರು. ಕೊಳ್ಳುವವರು ಕೆಲವರು ನೇರ ಸಂಘಕ್ಕೇ ಬರೆದು, ಉಜ್ಜಿದವರ ಹೆಸರು ನಿಮ್ಮ ಚೀಟಿಯಲ್ಲಿ ಏಕಿಲ್ಲ ಎಂದು ಕೇಳಿದ್ದಾರೆ.

ನಿನ್ನೆ ಅರಾಸಾ ಫೋನ್ ಮಾಡಿದ್ದರು.

"ನೋಡವ್ವಾ, ಶನಿವಾರದೊಳಗೆ ಅದನ್ನ ಅಳಿಸು. ಇಲ್ದಿದ್ರೆ ನಿಮ್ಮಮ್ಮನ ಬಾನಿಗೆ ಒಂದೇ ಒಂದು ಕಲ್ಲು ಬರಲ್ಲ. ಕುರ್ಚಿ ಇನ್ನೂ ಖಾಲಿ ಇದೆ. ಬಂದು ಮರ್ಯಾದೆಯಾಗಿ ಕೂತ್ಕೋ."

ನಾನು ಧೈರ್ಯವಂತೆ ಎಂದುಕೊಂಡಿದ್ದೆ, ಚಿಕ್ಕಪ್ಪಾ. ಆದರೆ ಇದು ನನ್ನ ಬಾನಿಯಲ್ಲ, ಅಮ್ಮನದು. ಅಮ್ಮನಿಗೆ ಆ ಕೆಲಸ ಬಿಟ್ಟರೆ ಬೇರೆ ಏನಿದೆ? ಶನಿವಾರ ಅಳಿಸುತ್ತೇನೆ. ಮುಂದಿನ ವಾರ ಊರಿಗೆ ಬಂದು ಕುರ್ಚಿಯಲ್ಲಿ ಕೂರುತ್ತೇನೆ. ನಿಮಗೂ ಚಹಾದಂಗಡಿಯಲ್ಲಿ ಸಮಾಧಾನವಾದೀತು.

ಕೆಮುಂಟೊ

*

ಟಬಾಕಾ
1 ಜುಲೈ 2022, ಶುಕ್ರವಾರ ಸಂಜೆ

ಕೆಮುಂಟೊ,

ಅಳಿಸಬೇಡ! ಚಾಲಕನಿಗೆ ಆಣೆ ಹಾಕಿಸಿ ಇದನ್ನು ಕಳಿಸಿದ್ದೇನೆ. ಶನಿವಾರ ಬೆಳಿಗ್ಗೆ ಕಿಟಕಿಗೆ ಬಾರದೆ ನೇರ ನಿನ್ನ ಬಾಗಿಲಿಗೇ ಬರುತ್ತಾನೆ. ನೀನು ಅಳಿಸಿದರೆ ನಾನು ನಕುರುವಿಗೆ ಬಂದು ನಿನ್ನ ತಗಡಿನ ಮಾಡಿನ ಮೇಲೆ ಕೂರುತ್ತೇನೆ. ನನ್ನ ತೂಕ ನಿನಗೆ ಗೊತ್ತಲ್ಲ.

ಇವತ್ತು ನಡೆದದ್ದು ಕೇಳು. ಅರಾಸಾ ಸಂಘದ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ. ಕೆತ್ತುವ ಗಂಡಸರು ಬೆಂಚಿನ ಮೇಲೆ, ಉಜ್ಜುವ ಹೆಂಗಸರು ಬಾನಿ ಬೋರಲು ಹಾಕಿಕೊಂಡು ನೆಲದ ಮಟ್ಟಕ್ಕೆ. ನಾನು ಮುಂದಿನ ಬೆಂಚಿನಲ್ಲಿ. ಹಿಂದೆ ಕೂತು ನನಗೆ ಅಭ್ಯಾಸವಿಲ್ಲ.

"ಒಂದು ಹುಡುಗಿ ಎಲ್ಲೋ ಕೂತು ಬರೆದು ಸಂಘದ ಮಾನ ತೆಗೆದಿದಾಳೆ. ಉಜ್ಜೋರಿಗೆಲ್ಲಾ ಹೆಸರು ಬೇಕಂತೆ! ನಾಳೆ ಬಾನಿಗೂ ಹೆಸರಿಡಿ ಅಂತಾಳೆ."

ಗಂಡಸರು ನಕ್ಕರು. ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ, ಅಭ್ಯಾಸಬಲ.

ಆಮೇಲೆ ಅವನು ನಿನ್ನ ಅಮ್ಮನ ಕಡೆ ತಿರುಗಿದ. "ಬೊಸಿಬೊರಿ, ನಿನ್ ಮಗಳಿಗೆ ಹೇಳು ಅಳಿಸು ಅಂತ."

"ಅವಳು ಬರೆದದ್ರಲ್ಲಿ ಸುಳ್ಳು ಯಾವುದು?"

"ಸುಳ್ಳೋ ನಿಜಾನೋ, ಉಜ್ಜೋದು ಒಂದು ಕೆಲಸವೇನಮ್ಮಾ? ಕೆತ್ತಿದೋನಿಗೇ ಹೆಸರಿಲ್ಲ. ಅಗೋ, ಹಾಲೂಡೋ ತಾಯೀನ ಕೆತ್ತಿದ ಕೈ ಅಲ್ಲಿ ಕೂತಿದೆ ನೋಡು. ಅಂಥದ್ದೊಂದು ಕೆತ್ತಿ ತೋರ್ಸು, ಆಮೇಲೆ ಹೆಸರು ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. ನಿನ್ನ ಅಮ್ಮ ಒಬ್ಬಳು ನೋಡಲಿಲ್ಲ. ಅವಳು ತನ್ನ ಬೆರಳ ತುದಿಗಳನ್ನು ನೋಡಿಕೊಳ್ಳುತ್ತ ಕೂತಳು. ಅವಳು ಬೈದಿದ್ದರೆ ನಾನು ತಿರುಗಿ ಬೈದು ಮನೆಗೆ ಹೋಗುತ್ತಿದ್ದೆ. ಹದಿನಾರು ವರ್ಷದಲ್ಲಿ ಒಂದು ಸಲವೂ ಅವಳು ನನ್ನನ್ನು ಯಾರೆದುರೂ ಸಣ್ಣವನನ್ನಾಗಿ ಮಾಡಿಲ್ಲ, ಇವತ್ತೂ ಮಾಡಲಿಲ್ಲ. ನನ್ನ ಕಾಲು ತಾನಾಗಿ ಎದ್ದು ನಿಂತಿತು.

"ಅರಾಸಾ, ಅವಳು ಆಗ್ಲೇ ಕೆತ್ತಿದಾಳೆ ಕಣಯ್ಯಾ."

"ಏನನ್ನ?"

"ಅದನ್ನೇ. ಆ ತಾಯೀನ. ನನ್ ಕೈ ಮುರಿದಿತ್ತು. ಹೋಟೆಲಿನೋರು ಕೊಟ್ಟ ಗಡುವು ಹತ್ರ ಬಂದಿತ್ತು. ನಮ್ಮತ್ತಿಗೆ ಬಾಳೆ ಗಿಡದ ಮರೇಲಿ ಕೂತು ಕೆತ್ತಿದ್ಲು. ನಾನು ಪಕ್ಕದಲ್ಲಿ ಕೂತು ಹಾಗೆ ಮಾಡು, ಹೀಗೆ ಮಾಡು ಅಂತಿದ್ದೆ. ಒಂದನ್ನೂ ಕೇಳ್ಲಿಲ್ಲ. ಅದಕ್ಕೇ ಅದು ಚೆನ್ನಾಗಿ ಬಂತು."

ಆಮೇಲೆ ಏನಾಯಿತು ಗೊತ್ತೇ? ಯಾರೂ ನಂಬಲಿಲ್ಲ! ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. "ಒಂಬಾಸಾನ ಹೊಸಾ ಕಥೆ ಕೇಳ್ರಪ್ಪೋ!" ಎಂದು ಯಾರೋ ಕೂಗಿದರು. ಹಾವಿನ ಕಥೆ ನಂಬಿದವರು, ಮಂತ್ರಿ ಎದ್ದು ನಿಂತದ್ದು ನಂಬಿದವರು, ಇದನ್ನು ನಂಬಲಿಲ್ಲ. ಅರವತ್ತೊಂದು ವರ್ಷದಲ್ಲಿ ಒಂದು ನಿಜ ಹೇಳಲು ಎದ್ದೆ, ಅದೂ ತಮಾಷೆಯಾಯಿತು. ನಾನು ಕೂಗಿದೆ, ಬೆಂಚಿನ ಮೇಲೆ ಹತ್ತಿ ನಿಂತೆ. ಹತ್ತಿದಷ್ಟೂ ನಕ್ಕರು.

ಆಗ ನಿನ್ನ ಅಮ್ಮ ಎದ್ದಳು. ನಗು ನಿಂತಿತು.

"ಕಲ್ಲು ಕೊಡಿ. ಕೆತ್ತಿ ತೋರಿಸ್ತೀನಿ."

ಅರಾಸಾ ಕೈ ಬೀಸಿದ. "ಕೊಡೋರು ಯಾರೂ ಇಲ್ಲ. ಬೇಕಾದೋರು ತಾವೇ ಗಣಿಗಿಳಿದು ಆರಿಸ್ಕೊಳ್ಳೋದು ಇಲ್ಲಿನ ಪದ್ಧತಿ. ಹೆಂಗಸು ಇಳಿದ್ರೆ ಕಲ್ಲು ಬಿರೀತದೆ ಅನ್ನೋದು ನಿನಗೂ ಗೊತ್ತು."

"ಗೊತ್ತು. ಹಾಗಾದ್ರೆ ಇಳೀತೀನಿ."

ಅಷ್ಟು ಹೇಳಿ ಬಾನಿ ಎತ್ತಿಕೊಂಡು ನಡೆದುಬಿಟ್ಟಳು. ಅವಳ ಹಿಂದೆ ಕ್ವಾಂಬೊಕಾ ಎದ್ದಳು, ಅವಳ ಹಿಂದೆ ಉಳಿದವರು. ಉಪ್ಪುಕಾಗದ ಅಲ್ಲೇ ಬಿಟ್ಟು ಹೋದರು. ಗೋದಾಮಿನಲ್ಲಿ ಮುನ್ನೂರು ನೀರಾನೆ ಒರಟಾಗಿ ನಿಂತಿವೆ. ಉಜ್ಜದ ನೀರಾನೆ ಎಂದರೆ ಒಣಗಿದ ಕೆಸರಿನ ಮುದ್ದೆ, ಯಾರೂ ಕೊಳ್ಳುವುದಿಲ್ಲ. ಅರಾಸಾ ಅವುಗಳನ್ನು ನೋಡುತ್ತ ನಿಂತದ್ದನ್ನು ನೀನು ನೋಡಬೇಕಿತ್ತು.

ಆರು ವಾರ ಏಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ದಿನಾ ಬರೆದೆ. ದಿನಾ ಮೊದಲ ಸಾಲಿನಲ್ಲೇ ಒಂದು ಸುಳ್ಳು ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇಷ್ಟೇ.

ಅಳಿಸಬೇಡ.

ಒಂಬಾಸಾ

*

ನಕುರು
12 ಜುಲೈ 2022

ಚಿಕ್ಕಪ್ಪಾ,

ಚಾಲಕ ಬಾಗಿಲು ಬಡಿದಾಗ ನಾನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ ಎಂದು ಬರೆದರೆ ನಿಮಗೆ ಖುಷಿಯಾದೀತು. ನಿಜವಾಗಿ ನಾನು ಬಟ್ಟೆ ಒಗೆಯುತ್ತಿದ್ದೆ. ಅಳಿಸುವುದನ್ನು ಮುಂದೂಡಲು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದುಬಿಟ್ಟಿದ್ದೆ. ಒದ್ದೆ ಕೈಯಲ್ಲೇ ನಿಮ್ಮ ಕಾಗದ ಓದಿದೆ. ಅಲ್ಲಲ್ಲಿ ಅಕ್ಷರ ಕದಡಿದೆ, ಕ್ಷಮಿಸಿ. ಎಲ್ಲ ಒಗೆದ ನೀರಲ್ಲ.

ನಾನು ನಿಮ್ಮನ್ನು ನಂಬುತ್ತೇನೆ. ಊರಿನಲ್ಲಿ ಯಾರೂ ನಂಬದಿದ್ದರೂ.

ಅರಾಸಾ ಅವರಿಗೆ ಬೇರೆ ಕಾಗದ ಕಳಿಸಿದ್ದೇನೆ, ಒಂದೇ ಸಾಲು: 'ಬರಹ ಅಲ್ಲೇ ಇರುತ್ತದೆ, ಕುರ್ಚಿಯನ್ನು ಬೇರೆಯವರಿಗೆ ಕೊಡಿ.' ಕೆಳಗೆ ನನ್ನ ಪೂರ್ತಿ ಹೆಸರು.

ಹಿಮದವನಿಗೂ ಇನ್ನು ಬರೆಯುವುದಿಲ್ಲ ಎಂದು ಹೇಳಿದೆ. ನಾಯಿಯ ಹಲ್ಲನ್ನು ಬಿಟ್ಟಿಲ್ಲ. ಮನೆ ಬಾಡಿಗೆ ಸದ್ಯಕ್ಕೆ ನಾಯಿಗಳ ಬಾಯಲ್ಲಿದೆ. ಆದರೆ ಬೆಳಗಿನ ಹೊತ್ತು ಈಗ ನನ್ನದು. ಕಿಟುಯಿಯಿಂದ ಬುಟ್ಟಿ ಹೆಣೆಯುವ ಹದಿನೆಂಟು ಹೆಂಗಸರು ಬರೆದಿದ್ದಾರೆ. ತಮ್ಮ ಒಂದೊಂದು ಬುಟ್ಟಿಯ ಜೊತೆ ಒಂದೊಂದು ಹಾಳೆ ಬೇಕಂತೆ, ನಾರು ಸುಲಿದವಳು ಯಾರು, ಬಣ್ಣ ಹಾಕಿದವಳು ಯಾರು, ಹೆಣೆದವಳು ಯಾರು ಎಂದು. ಕೂಲಿ ಕೊಟ್ಟು ಬರೆಸುತ್ತಾರೆ. ಅದರಲ್ಲಿ ಒಬ್ಬಾಕೆ ಫೋನಿನಲ್ಲಿ, "ನಮ್ ಹೆಸರು ತಪ್ಪಿಲ್ದೆ ಬರೀತೀಯೇನವ್ವಾ? ಸಂತೇಲಿ ಯಾರೂ ಸರಿಯಾಗಿ ಬರೆಯಲ್ಲ" ಎಂದು ಕೇಳಿದಳು. ಹದಿನೆಂಟು ಹೆಸರನ್ನೂ ಅವಳಿಂದ ಎರಡು ಸಲ ಹೇಳಿಸಿಕೊಂಡು ಬರೆದೆ. ನನ್ನ ಕಸುಬು ಏನು ಎಂದು ಯಾರಾದರೂ ಕೇಳಿದರೆ ಈಗ ಒಂದೇ ಉಸಿರಿನಲ್ಲಿ ಹೇಳಬಲ್ಲೆ.

ಆದರೆ ಅಮ್ಮನಿಗೆ ಕಲ್ಲು ಸಿಗದಿದ್ದರೆ ಇದೆಲ್ಲ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವಳು ಫೋನ್ ಎತ್ತುತ್ತಿಲ್ಲ. ಗಣಿಗೆ ಇಳಿದಳೇ? ಬೇಗ ಬರೆಯಿರಿ.

ಕೆಮುಂಟೊ

*

ಟಬಾಕಾ
23 ಜುಲೈ 2022

ಕೆಮುಂಟೊಗೆ,

ಮಳೆ ನೀರು ಇಳಿಯುವ ತನಕ ಕಾದಳು. ನಿನ್ನೆ ಇಳಿದಳು.

ಫೋನ್ ಏಕೆ ಎತ್ತಲಿಲ್ಲ ಎಂದರೆ, "ಅವಳು ಬೇಡ ಅಂತಾಳೆ, ಇಲ್ಲಾ ಇಳಿ ಅಂತಾಳೆ. ಎರಡೂ ನಂಗೆ ಬೇಡ" ಎಂದಳು. ನಿನ್ನ ಮೂಗಿನ ತುದಿಯ ಕೋಪ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ.

ಗಣಿಯ ಅಂಚಿನ ಸುತ್ತ ಇಡೀ ಊರು ನಿಂತಿತ್ತು. ಅರಾಸಾ ಛತ್ರಿ ಹಿಡಿದು ನಿಂತಿದ್ದ, ಮಳೆಯೂ ಇಲ್ಲ ಬಿಸಿಲೂ ಇಲ್ಲ. ಓಬಿರಿ ಕಪ್ಪು ಕೋಟಿನಲ್ಲಿ ಬಂದು ಪ್ರಾರ್ಥನೆ ಮಾಡುತ್ತಿದ್ದ. ಯಾರ ಪರವಾಗಿ ಎಂದು ಹೇಳಲಿಲ್ಲ. ನಿನ್ನ ಅಮ್ಮ ಲಂಗ ಎತ್ತಿ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ನಲವತ್ತು ಅಡಿ. ಎಲ್ಲರೂ ಕಲ್ಲು ಬಿರಿಯುವ ಸದ್ದಿಗೆ ಕಿವಿಗೊಟ್ಟು ನಿಂತಿದ್ದರು.

ಅವಳು ಗೋಡೆಯುದ್ದಕ್ಕೂ ನಡೆದಳು. ಮಚ್ಚಿನ ಹಿಡಿಯಿಂದ ತಟ್ಟಿ ಕಿವಿಯಿಟ್ಟು ಕೇಳಿದಳು. ಮುಂದೆ ಹೋದಳು. ಮತ್ತೆ ತಟ್ಟಿದಳು. ನನ್ನ ಅಜ್ಜ ಹೀಗೆ ಆರಿಸುವುದನ್ನು ನೋಡಿದ್ದೇನೆ. ಅವಳಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ಮೂವತ್ತು ವರ್ಷ ಬಾನಿಯಲ್ಲಿ ತೊಳೆದು ತೊಳೆದು, ಯಾವ ಕಲ್ಲಿನ ಹೊಟ್ಟೆಯಲ್ಲಿ ಯಾವ ಬಣ್ಣ ಇದೆ ಎಂದು ನಮ್ಮ ಗಂಡಸರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಕೆತ್ತುವಾಗ ನಮಗೆ ಕಾಣುವುದು ಧೂಳು. ಬಣ್ಣ ಮೊದಲು ಕಾಣುವುದು ಉಜ್ಜುವವರಿಗೆ. ಈ ಮಾತು ನನಗೂ ನಿನ್ನೆಯೇ ಹೊಳೆದದ್ದು.

ಮೂಲೆಯಲ್ಲಿ ಒಂದು ಕಡೆ ನಿಂತು ಹೊಡೆಯಲು ಶುರು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ತುಂಡು ಬಿಟ್ಟುಕೊಂಡಿತು. ಒಳಗೆ ಗುಲಾಬಿ, ಅಂಚಿಗೆ ಬಿಳಿ. ಒಂದು ಬಿರುಕಿಲ್ಲ. ಅಂಚಿನಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅರಾಸಾ ಛತ್ರಿ ಮಡಿಸಿದ. "ಗೋದಾಮಿನ ನೀರಾನೆಗಳ ವಿಷಯ ಆಮೇಲೆ ಮಾತಾಡೋಣ" ಎಂದ. ಕ್ವಾಂಬೊಕಾ, "ಮಾತಾಡೋಣ. ಚೀಟಿ, ಪೆನ್ನು ತಗೊಂಬಾ" ಎಂದಳು. ಅವನು ಈ ತಿಂಗಳ ಕೊನೆಗೆ ನೀರಾನೆಗಳ ಪೆಟ್ಟಿಗೆ ಕಳಿಸಲೇಬೇಕು. ಚೀಟಿಯೂ ತರುತ್ತಾನೆ, ಪೆನ್ನೂ ತರುತ್ತಾನೆ. ಆ ಚೀಟಿ ಬರೆಯುವುದು ನೀನೇ ಎಂದು ಹೆಂಗಸರು ನಿಶ್ಚಯಿಸಿ ಆಗಿದೆ. ನಿನ್ನನ್ನು ಕೇಳಿಲ್ಲ. ನಿನ್ನ ಮಂಚದ ಮೇಲಿಂದಲೇ ಬರೆ, ಇಲ್ಲಿಗೆ ಬಂದು ಯಾವ ಕುರ್ಚಿಯಲ್ಲೂ ಕೂರುವುದು ಬೇಡ.

ಕಲ್ಲು ಕೆಳಗೇ ಇತ್ತು. ಯಾವ ಗಂಡಸೂ ಇಳಿಯಲಿಲ್ಲ. ನಿನ್ನ ಅಮ್ಮ ತಲೆಯೆತ್ತಿ ಸುತ್ತ ನೋಡಿದಳು. ಈ ಸಲ ನನ್ನ ಕಡೆಯೂ ನೋಡಿದಳು.

"ಏನಯ್ಯಾ ಮೈದುನಾ, ಅಲ್ಲೇ ನಿಂತು ಹಾಗೆ ಮಾಡು ಹೀಗೆ ಮಾಡು ಅಂತೀಯೋ, ಇಳಿದು ಬರ್ತೀಯೋ?"

ಇಳಿದೆ. ಮೆಟ್ಟಿಲಲ್ಲಿ ಎರಡು ಸಲ ಕೂತೆ. ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ನಲವತ್ತು ಅಡಿ ಹತ್ತಿದೆ, ಹಿಂದಿನಿಂದ ಅವಳು ಬೈಯುತ್ತಲೇ ಇದ್ದಳು, ಎಲ್ಲಿ ಕಾಲಿಡಬೇಕು ಎಲ್ಲಿ ಇಡಬಾರದು ಎಂದು. ಪ್ರತಿ ಮಾತೂ ಕೇಳಿದೆ. ಅದಕ್ಕೇ ಬೀಳಲಿಲ್ಲ.

ಇದನ್ನೆಲ್ಲ ಬರೆ. ತಾಯಿಯ ಕಥೆಯನ್ನೂ ಬರೆಯಲಿ ಎಂದು ಅವಳೇ ಹೇಳಿದಳು, ನಾನು ಎದುರಿಗೇ ಕೇಳಿ ಬರೆಯುತ್ತಿದ್ದೇನೆ. ನಾನು ಹದಿನಾರು ವರ್ಷ ಸುಳ್ಳು ಹೇಳಿದ್ದೂ ಬರೆ, ಬೆಂಚು ಹತ್ತಿದ್ದೂ ಬರೆ, ಜನ ನಕ್ಕದ್ದೂ ಬರೆ. ಒಂದು ಅಕ್ಷರವನ್ನೂ ಬಚ್ಚಿಡಬೇಡ. ಓದಿದವರು ಬೈದರೆ ಬೈಯಲಿ.

ಕಲ್ಲಿನ ತೂಕ ಮಾತ್ರ ಸ್ವಲ್ಪ ಹೆಚ್ಚಿಗೆ ಹಾಕು.

ನಿನ್ನ ಚಿಕ್ಕಪ್ಪ
ಒಂಬಾಸಾ